ಪುಟ್ಟ ಪಿಕಪ್‌ಗೆ ಟೋ ಪ್ಯಾಕೇಜ್: ಹಾಕಿಸಬೇಕೇ, ಬಿಡಬೇಕೇ?

ಅಮೆರಿಕದಲ್ಲಿ ಹಳೆಯ ಫೋರ್ಡ್ ರೇಂಜರ್ 2011ರಲ್ಲಿ ನಿಂತ ಮೇಲೆ ಸುಮಾರು ಹತ್ತು ವರ್ಷ ಹೊಸ ಚಿಕ್ಕ ಪಿಕಪ್ ಸಿಗುವುದೇ ಕಷ್ಟವಾಗಿತ್ತು. 2021ರಲ್ಲಿ ಫೋರ್ಡ್ ಮ್ಯಾವರಿಕ್ ಮತ್ತು ಹ್ಯುಂಡೈ ಸಾಂಟಾ ಕ್ರೂಜ್ ಬಂದವು. ಎರಡೂ ನೋಡಲು ಟ್ರಕ್, ಒಳಗಿನ ಕಟ್ಟು ಕಾರಿನದು. ಹಾಗಾಗಿ ಕಾರು ಬಿಟ್ಟು ಮೊದಲ ಸಲ ಪಿಕಪ್ ಕೊಳ್ಳುವವರಿಗೂ ಇವು ಇಷ್ಟವಾಗುತ್ತವೆ. ಅಂಥವರು ಆರ್ಡರ್ ಫಾರಂ ತುಂಬುತ್ತಾ ಬಂದು ಒಂದು ಕಡೆ ತಡೆದು ನಿಲ್ಲುತ್ತಾರೆ. ಅಲ್ಲಿ 'ಟೋ ಪ್ಯಾಕೇಜ್' ಎಂಬ ಚೌಕ ಇರುತ್ತದೆ. ಹಿಂದೆ ಟ್ರೇಲರ್ ಕಟ್ಟಿ ಎಳೆಯಲು ಬೇಕಾದ ಸಲಕರಣೆಗಳ ಕಟ್ಟು ಅದು. ಮ್ಯಾವರಿಕ್‌ನಲ್ಲಿ ಅದಿಲ್ಲದಿದ್ದರೆ ಎಳೆಯುವ ಮಿತಿ 2,000 ಪೌಂಡ್, ಅಂದರೆ ಸುಮಾರು 900 ಕೆಜಿ. ಇದ್ದರೆ 4,000 ಪೌಂಡ್, ಸುಮಾರು 1,800 ಕೆಜಿ.

ಎರಡು ಪಟ್ಟು! ಯಾರಾದರೂ ಬೇಡ ಅಂತಾರಾ? ಆದರೆ ಪ್ರಶ್ನೆ ಅಷ್ಟು ಸರಳ ಅಲ್ಲ. ಟ್ರೇಲರ್‌ನ್ನೇ ಕಟ್ಟದವರಿಗೆ ಆ ಹಣ ದಂಡ. ಭಾರದ ಟ್ರೇಲರ್ ಕಟ್ಟುವವರಿಗೆ ಅದಿಲ್ಲದ ಗಾಡಿಯೇ ದಂಡ. ನಡುವೆ ಇರುವವರಿಗೆ ಸ್ವಲ್ಪ ಲೆಕ್ಕ ಬೇಕು.

ಪ್ಯಾಕೇಜ್ ಒಳಗೆ ಏನಿರುತ್ತದೆ

ಟೋ ಪ್ಯಾಕೇಜ್ ಅಂದ ಕೂಡಲೇ ಬಂಪರ್ ಕೆಳಗಿನ ಕಬ್ಬಿಣದ ಚೌಕ ತೂತು ನೆನಪಾಗುತ್ತದೆ. ಅದರ ಹೆಸರು ರಿಸೀವರ್. ಟ್ರೇಲರ್ ಸಿಕ್ಕಿಸುವ ಗುಂಡನ್ನು ಹೊತ್ತ ಕಬ್ಬಿಣದ ಪಟ್ಟಿ ಇದರೊಳಗೆ ಕೂರುತ್ತದೆ. ಇವೆಲ್ಲ ಸೇರಿ ಹಿಚ್. ಕಣ್ಣಿಗೆ ಕಾಣುವುದು ಇದೊಂದೇ. ಇಡೀ ಪ್ಯಾಕೇಜ್‌ನಲ್ಲಿ ಆಮೇಲೆ ಹಾಕಿಸಿಕೊಳ್ಳಲು ತೀರಾ ಸುಲಭವಾದದ್ದೂ ಇದೇ.

ಕಾಣದ ಭಾಗಗಳೇ ಮುಖ್ಯ. ಮಾದರಿಯಿಂದ ಮಾದರಿಗೆ ಪಟ್ಟಿ ಬದಲಾಗುತ್ತದೆ. ಸಾಮಾನ್ಯವಾಗಿ ಇರುವುದು ಇಷ್ಟು: ಇಂಜಿನ್‌ ತಣ್ಣಗಿಡಲು ಜಾಸ್ತಿ ಶಕ್ತಿಯ ಫ್ಯಾನ್ ಅಥವಾ ದೊಡ್ಡ ರೇಡಿಯೇಟರ್, ಗೇರ್‌ಬಾಕ್ಸ್ ಎಣ್ಣೆಗೆ ಪ್ರತ್ಯೇಕ ಕೂಲರ್, ಏಳು ಪಿನ್‌ಗಳ ವಿದ್ಯುತ್ ಸಾಕೆಟ್, ಟ್ರೇಲರ್ ಎಳೆಯುವಾಗ ಗೇರ್ ಬದಲಿಸುವ ರೀತಿಯನ್ನೇ ಬದಲಿಸುವ ಸಾಫ್ಟ್‌ವೇರ್. ಕೆಲವದರಲ್ಲಿ ಟ್ರೇಲರ್ ಬ್ರೇಕನ್ನು ನಿಯಂತ್ರಿಸುವ ಪೆಟ್ಟಿಗೆಯೂ ಸೇರಿರುತ್ತದೆ.

ಟರ್ಬೊ ಇಂಜಿನ್‌ನ ಮ್ಯಾವರಿಕ್‌ನಲ್ಲಿ ಇನ್ನೂ ಒಂದು ಇದೆ. ಪ್ಯಾಕೇಜ್ ಇರುವ ಗಾಡಿಯ ಫೈನಲ್ ಡ್ರೈವ್ ಅನುಪಾತವೇ ಬೇರೆ. ಚಕ್ರ ಒಂದು ಸುತ್ತು ತಿರುಗಲು ಇಂಜಿನ್ ಕಡೆಯ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ ಅದು. ಸುತ್ತು ಜಾಸ್ತಿಯಾದಷ್ಟೂ ಎಳೆತ ಜಾಸ್ತಿ. ಅದಕ್ಕೆ ತಕ್ಕಂತೆ ಹೆದ್ದಾರಿಯಲ್ಲಿ ಇಂಜಿನ್ ತುಸು ಜೋರಾಗಿ ಓಡುತ್ತದೆ, ಪೆಟ್ರೋಲನ್ನೂ ತುಸು ಜಾಸ್ತಿ ಕುಡಿಯುತ್ತದೆ. ಈ ಗೇರು ಗೇರ್‌ಬಾಕ್ಸ್‌ನ ಹೊಟ್ಟೆಯೊಳಗೆ ಇರುತ್ತದೆ.

ಕಷ್ಟ ಇರುವುದು ಬಿಸಿಯಲ್ಲಿ

ಗಾಡಿಗೆ ಶಕ್ತಿ ಸಾಲದೆ ಟ್ರೇಲರ್ ಎಳೆಯಲು ಆಗುವುದಿಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಈಗಿನ ಟರ್ಬೊ ಇಂಜಿನ್‌ಗಳಲ್ಲಿ ಶಕ್ತಿ ಬೇಕಾದಷ್ಟಿದೆ. ಪ್ಯಾಕೇಜ್ ಇಲ್ಲದ ಗಾಡಿಯೂ 4,000 ಪೌಂಡ್ ಟ್ರೇಲರನ್ನು ಸಮತಟ್ಟು ರಸ್ತೆಯಲ್ಲಿ ಎಳೆದೇ ಎಳೆಯುತ್ತದೆ. ಒಂದು ಮೈಲಿ ಹೋಗಿ 'ನೋಡಿ, ಏನೂ ಆಗಲಿಲ್ಲ' ಅನ್ನಬಹುದು. ಏನಾದರೂ ಆಗುವುದು ಏರಿನಲ್ಲಿ, ಅದೂ ಬೇಸಿಗೆಯಲ್ಲಿ.

ಲೆಕ್ಕ ಹಾಕಿ ನೋಡೋಣ. ಜನ, ಸಾಮಾನು ಸೇರಿ ಗಾಡಿ 4,500 ಪೌಂಡ್ ಇದೆ ಅಂತಿಟ್ಟುಕೊಳ್ಳಿ. ಶೇ. 6ರ ಏರಿನಲ್ಲಿ, ಅಂದರೆ ನೂರು ಅಡಿ ಮುಂದೆ ಹೋದರೆ ಆರು ಅಡಿ ಮೇಲೇರುವ ರಸ್ತೆಯಲ್ಲಿ, ಗಂಟೆಗೆ 55 ಮೈಲಿ ವೇಗದಲ್ಲಿ ಹೋಗುತ್ತಿದ್ದೀರಿ. ಬರೀ ಗಾಡಿಯನ್ನು ಮೇಲೆತ್ತಲು ಸುಮಾರು 40 ಅಶ್ವಶಕ್ತಿ ಬೇಕು. ಹಿಂದೆ 2,000 ಪೌಂಡ್ ಕಟ್ಟಿದರೆ ಅದು 57 ಆಗುತ್ತದೆ. 4,000 ಪೌಂಡ್ ಕಟ್ಟಿದರೆ 75. ಇದು ಏರಿಗೆ ಮಾತ್ರ. ಗಾಳಿಯನ್ನು ಸೀಳಿಕೊಂಡು ಹೋಗಲು, ಟೈರು ಉರುಳಲು ಬೇಕಾದ ಶಕ್ತಿ ಇದರ ಮೇಲೆ.

ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಉಳಿದದ್ದೆಲ್ಲ ಬಿಸಿ. ಸ್ವಲ್ಪ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ, ಇನ್ನಷ್ಟನ್ನು ರೇಡಿಯೇಟರ್ ಹೊರಹಾಕಬೇಕು. ಕೆಲಸ ಎರಡು ಪಟ್ಟಾದರೆ ಹೊರಹಾಕಬೇಕಾದ ಬಿಸಿಯೂ ಅಷ್ಟೇ ಏರುತ್ತದೆ. ಏರಿನಲ್ಲಿ ವೇಗ ಇಳಿದರೆ ಮುಂದಿನಿಂದ ನುಗ್ಗುವ ಗಾಳಿಯೂ ಕಡಿಮೆ. ಆಗ ಎಲ್ಲ ಭಾರ ಫ್ಯಾನ್ ಮೇಲೆ ಬೀಳುತ್ತದೆ. ದೊಡ್ಡ ಫ್ಯಾನ್ ಕೊಡುವುದು ಇದಕ್ಕೇ.

ಗೇರ್‌ಬಾಕ್ಸ್‌ನ ಕಥೆ ಇನ್ನೂ ಸೂಕ್ಷ್ಮ. ಸಾಮಾನ್ಯ ಆಟೊಮ್ಯಾಟಿಕ್‌ನಲ್ಲಿ ಇಂಜಿನ್ನಿಗೂ ಗೇರುಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಒಂದು ಕಡೆಯ ರೆಕ್ಕೆ ಎಣ್ಣೆಯನ್ನು ಚಿಮ್ಮಿಸುತ್ತದೆ, ಆ ಎಣ್ಣೆಯ ರಭಸಕ್ಕೆ ಇನ್ನೊಂದು ಕಡೆಯ ರೆಕ್ಕೆ ತಿರುಗುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗದಿದ್ದಾಗ ನಡುವಿನ ವ್ಯತ್ಯಾಸ ಪೂರ್ತಿ ಬಿಸಿಯಾಗುತ್ತದೆ. ಭಾರ ಎಳೆಯುವಾಗ, ನಿಂತಲ್ಲಿಂದ ಹೊರಡುವಾಗ, ಏರಿನಲ್ಲಿ ಮತ್ತೆ ಮತ್ತೆ ಗೇರ್ ಬದಲಾಗುವಾಗ ಇದು ಜಾಸ್ತಿ. ಎಣ್ಣೆ ಅತಿಯಾಗಿ ಕಾದರೆ ಅದರ ಗುಣ ಕೆಡುತ್ತದೆ. ಒಳಗಿನ ಕ್ಲಚ್ ಪ್ಲೇಟುಗಳು ಬೇಗ ಸವೆಯುತ್ತವೆ. ಈ ಹಾನಿ ಅವತ್ತೇ ಗೊತ್ತಾಗುವುದಿಲ್ಲ. ಟ್ರೇಲರ್ ಮನೆ ಸೇರಿ ಎಷ್ಟೋ ತಿಂಗಳ ಮೇಲೆ, ಗೇರ್ ಬೀಳುವಾಗ ಜರ್ಕ್ ಹೊಡೆಯತೊಡಗಿದಾಗ ತಿಳಿಯುತ್ತದೆ. ನನ್ನನ್ನು ಕೇಳಿದರೆ ಇಡೀ ಪ್ಯಾಕೇಜ್‌ನಲ್ಲಿ ಹಣಕ್ಕೆ ತಕ್ಕ ವಸ್ತು ಈ ಎಣ್ಣೆಯ ಕೂಲರ್.

4,000 ಎಂಬ ಅಂಕಿ ಬರುವುದು ಹೇಗೆ

ಒಂದು ಕಾಲದಲ್ಲಿ ಪ್ರತಿ ಕಂಪನಿಯೂ ತನಗೆ ತೋಚಿದಂತೆ ಪರೀಕ್ಷೆ ಮಾಡಿ ಅಂಕಿ ಹಾಕಿಕೊಳ್ಳುತ್ತಿತ್ತು. ವಾಹನ ಇಂಜಿನಿಯರುಗಳ ಸಂಸ್ಥೆ ಎಸ್‌ಎಇ 2008ರಲ್ಲಿ ಜೆ2807 ಎಂಬ ಮಾನದಂಡ ತಂದಿತು. ಟೊಯೋಟಾ ಮೊದಲು ಒಪ್ಪಿಕೊಂಡಿತು, ಉಳಿದವರು ನಿಧಾನಕ್ಕೆ ಬಂದರು.

ಇದರಲ್ಲಿ ಹೆಸರಾಂತ ಪರೀಕ್ಷೆ ನಡೆಯುವುದು ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರಿನಲ್ಲಿ. ಕೊಲೊರಾಡೊ ನದಿಯ ದಡದಿಂದ ಮರುಭೂಮಿಯ ಬೆಟ್ಟಕ್ಕೆ 11.4 ಮೈಲಿ ರಸ್ತೆ. ಸುಮಾರು 3,000 ಅಡಿ ಮೇಲೇರಬೇಕು. ಹೊರಗೆ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಬಿಸಿಲಿರಬೇಕು. ಏಸಿ ಪೂರ್ತಿ ಹಾಕಿರಬೇಕು. ಸಾಮಾನ್ಯ ಪಿಕಪ್‌ನ ವೇಗ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು, ಏನೂ ಕೆಡಬಾರದು. ಇದರ ಜೊತೆಗೆ ಶೇ. 12ರ ಇಳಿಜಾರಿನಲ್ಲಿ ನಿಂತು ಮುಂದಕ್ಕೆ ಐದು ಸಲ, ಹಿಂದಕ್ಕೆ ಐದು ಸಲ ಹೊರಡಬೇಕು. ಅದೂ ಐದೈದು ನಿಮಿಷದೊಳಗೆ.

ಅಂಕಿಯ ಹಿಂದೆ ಎರಡು ಷರತ್ತು ಅಡಗಿವೆ. ಪರೀಕ್ಷೆಯ ಗಾಡಿಯಲ್ಲಿ ತಲಾ 150 ಪೌಂಡ್ ತೂಕದ ಇಬ್ಬರು ಮಾತ್ರ ಇರುತ್ತಾರೆ. ನಿಮ್ಮ ಗಾಡಿಯಲ್ಲಿ ನಾಲ್ಕು ಜನ, ಹಿಂದೆ ಸಾಮಾನು ಇದ್ದರೆ ಅಷ್ಟು ತೂಕವನ್ನು ಟ್ರೇಲರ್‌ನಿಂದ ಕಳೆಯಬೇಕಾಗಬಹುದು. ಯಾಕೆಂದರೆ ಗಾಡಿ, ಟ್ರೇಲರ್, ಜನ ಎಲ್ಲ ಸೇರಿದ ಒಟ್ಟು ತೂಕಕ್ಕೇ ಒಂದು ಮಿತಿ ಇದೆ. ಎರಡನೆಯದು ಗಾಳಿ. ಟ್ರೇಲರ್‌ನ ಮುಂಭಾಗ ಎಷ್ಟು ಅಗಲ, ಎಷ್ಟು ಎತ್ತರ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 1,900 ಪೌಂಡ್ ಇಟ್ಟಿಗೆ ಹೊತ್ತ ತಗ್ಗಾದ ಟ್ರೇಲರ್ ಬೇರೆ. ಅಷ್ಟೇ ತೂಕದ, ಗೋಡೆಯಂತೆ ಎದ್ದು ನಿಂತ ಕ್ಯಾಂಪರ್, ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಮನೆಯಂಥ ಟ್ರೇಲರ್, ಬೇರೆ. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮಾಲೀಕರ ಕೈಪಿಡಿಯಲ್ಲಿ ಮುಂಭಾಗದ ವಿಸ್ತೀರ್ಣಕ್ಕೂ ಮಿತಿ ಬರೆದಿರುತ್ತಾರೆ. ಅದನ್ನು ಓದುವವರು ಕಡಿಮೆ.

ಮೊದಲು ಮುಗಿಯುವುದು ಪೇಲೋಡ್

ಎಳೆಯುವ ಮಿತಿ ನೋಡಿ ಸಮಾಧಾನಪಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಎತ್ತಿನ ಗಾಡಿಗೆ ಹೇರುವವರಿಗೆ ಇದು ಚೆನ್ನಾಗಿ ಗೊತ್ತು. ಭಾರವೆಲ್ಲ ಹಿಂದೆ ಬಿದ್ದರೆ ಮೂಕಿ ಮೇಲೇಳುತ್ತದೆ. ಎಲ್ಲ ಮುಂದೆ ಬಿದ್ದರೆ ಎತ್ತಿನ ಹೆಗಲು ಬಾಗುತ್ತದೆ. ಟ್ರೇಲರ್‌ನದ್ದೂ ಇದೇ ನ್ಯಾಯ. ಟ್ರೇಲರ್ ತನ್ನ ಮೂತಿಯ ಮೂಲಕ ಹಿಚ್ ಮೇಲೆ ಒತ್ತುವ ಭಾರಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಇದು ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ಒಮ್ಮೆ ಶುರುವಾದರೆ ಹಿಡಿಯುವುದು ಕಷ್ಟ. ಜಾಸ್ತಿಯಾದರೆ ಪಿಕಪ್‌ನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ. ಸ್ಟೀರಿಂಗ್, ಬ್ರೇಕ್ ಎರಡೂ ಸಡಿಲ.

ಈ ಟಂಗ್ ವೇಟನ್ನು ಪಿಕಪ್ ಹೊರುತ್ತದೆ. ಹಾಗಾಗಿ ಅದು ಪೇಲೋಡ್ ಲೆಕ್ಕಕ್ಕೆ ಸೇರುತ್ತದೆ. ಪೇಲೋಡ್ ಅಂದರೆ ಗಾಡಿ ತನ್ನ ಮೇಲೆ ಹೊರಬಹುದಾದ ಜನ ಮತ್ತು ಸಾಮಾನಿನ ಒಟ್ಟು ತೂಕ. ನಿಮ್ಮ ಗಾಡಿಯ ನಿಜವಾದ ಅಂಕಿ ಬ್ರೋಷರ್‌ನಲ್ಲಿ ಇರುವುದಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕರ್ ಮೇಲೆ ಇರುತ್ತದೆ.

ಸ್ಟಿಕರ್‌ನಲ್ಲಿ 1,400 ಪೌಂಡ್ ಇದೆ ಅಂದುಕೊಳ್ಳಿ. ಕುಟುಂಬ ಹೊರಟಿದೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಸೇರಿ 500. ಹಿಂದಿನ ತೊಟ್ಟಿಯಲ್ಲಿ ಸೈಕಲ್, ಐಸ್ ಪೆಟ್ಟಿಗೆ, ಸೌದೆ ಎಲ್ಲ ಸೇರಿ 350. ಕ್ಯಾಂಪರ್ 3,500 ಪೌಂಡ್, ಟಂಗ್ ವೇಟ್ ಶೇ. 12 ಹಿಡಿದರೆ 420. ಒಟ್ಟು 1,270 ಆಯಿತು. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಕ್ಯಾಂಪರ್‌ನ ಮುಂಭಾಗದ ಪೆಟ್ಟಿಗೆಗೆ ನಾಲ್ಕು ಸಾಮಾನು ತುಂಬಿ ಟಂಗ್ ವೇಟ್ ಶೇ. 15 ಆದರೆ ಅದೇ ಲೆಕ್ಕ 1,375ಕ್ಕೆ ಬರುತ್ತದೆ. ಉಳಿದದ್ದು 25 ಪೌಂಡ್. ನಾಯಿಗೂ ಜಾಗ ಇಲ್ಲ. ಎಳೆಯುವ ಮಿತಿಯಲ್ಲಿ ಮಾತ್ರ ಇನ್ನೂ 500 ಪೌಂಡ್ ಬಾಕಿ!

ಗಮನಿಸಿ, ಟೋ ಪ್ಯಾಕೇಜ್ ಎಳೆಯುವ ಮಿತಿಯನ್ನು ಏರಿಸುತ್ತದೆ. ಪೇಲೋಡ್ ಅದರಿಂದ ಏರುವುದಿಲ್ಲ. ಕೂಲರ್, ಹಿಚ್‌ಗಳಿಗೂ ತೂಕ ಇದೆ, ಅದು ಪೇಲೋಡ್‌ನಿಂದಲೇ ಹೋಗುತ್ತದೆ.

ವೈರು ಮತ್ತು ಬ್ರೇಕು

ನಾಲ್ಕು ಪಿನ್‌ನ ಚಪ್ಪಟೆ ಕನೆಕ್ಟರ್ ದೀಪಗಳಿಗೆ ಮಾತ್ರ: ಹಿಂದಿನ ದೀಪ, ಎಡ ಮತ್ತು ಬಲದ ಸಿಗ್ನಲ್ ಹಾಗೂ ಬ್ರೇಕ್ ದೀಪ, ಒಂದು ಅರ್ತ್. ಏಳು ಪಿನ್‌ನ ದುಂಡು ಸಾಕೆಟ್‌ನಲ್ಲಿ ಇವುಗಳ ಜೊತೆ ಮೂರು ಸೇರುತ್ತವೆ: ಟ್ರೇಲರ್‌ನ ಎಲೆಕ್ಟ್ರಿಕ್ ಬ್ರೇಕ್‌ಗೆ ತಂತಿ, ಟ್ರೇಲರ್ ಬ್ಯಾಟರಿಗೆ 12 ವೋಲ್ಟ್, ರಿವರ್ಸ್ ದೀಪ.

ಟ್ರೇಲರ್‌ಗೇ ಬ್ರೇಕ್ ಇರಬೇಕಾದ ತೂಕವನ್ನು ಅಮೆರಿಕದಲ್ಲಿ ಆಯಾ ರಾಜ್ಯ ನಿರ್ಧರಿಸುತ್ತದೆ. ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡ್, ಕೆಲವೆಡೆ ಅದಕ್ಕಿಂತ ಕಡಿಮೆ. ಗಾಡಿ ತಯಾರಕರು ಕೈಪಿಡಿಯಲ್ಲಿ ಇನ್ನೂ ಕಡಿಮೆ ತೂಕಕ್ಕೇ ಬ್ರೇಕ್ ಕೇಳಬಹುದು. ಎರಡರಲ್ಲಿ ಯಾವುದು ಬಿಗಿಯೋ ಅದನ್ನು ಪಾಲಿಸುವುದು ಒಳ್ಳೆಯದು. ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಗಾಡಿಯಲ್ಲಿ ಕಂಟ್ರೋಲರ್ ಬೇಕೇ ಬೇಕು. ದೋಣಿ ಸಾಗಿಸುವ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಇರುವುದು ಸರ್ಜ್ ಬ್ರೇಕ್. ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ತಾನೇ ಮುಂದಕ್ಕೆ ಒತ್ತಿ ಬ್ರೇಕ್ ಹಿಡಿಯುತ್ತದೆ. ಅದಕ್ಕೆ ಕಂಟ್ರೋಲರ್ ಬೇಡ.

ಆಮೇಲೆ ಹಾಕಿಸಿಕೊಂಡರೆ ಆಗಲ್ವಾ?

ಹಿಚ್ ಹಾಕಿಸಬಹುದು. ನಾಲ್ಕು ಪಿನ್ ವೈರಿಂಗ್ ಸುಲಭ. ಏಳು ಪಿನ್ ಮತ್ತು ಬ್ರೇಕ್ ಕಂಟ್ರೋಲರ್ ಹಾಕಲು ಸ್ವಲ್ಪ ತಂತಿ ಎಳೆದಾಟ ಇದೆ, ಆದರೂ ಆಗುವ ಕೆಲಸ. ಎಣ್ಣೆ ಕೂಲರ್, ಫ್ಯಾನ್ ಬದಲಿಸುವುದು ಕಷ್ಟ, ಖರ್ಚು. ಗೇರ್ ಅನುಪಾತ ಬದಲಿಸುವುದು ಅಂದರೆ ಹೊಸ ಗಾಡಿಯ ಗೇರ್‌ಬಾಕ್ಸ್ ಬಿಚ್ಚಿದಂತೆ. ಯಾರೂ ಮಾಡಿಸಲ್ಲ.

ಅಂಗಡಿಯಲ್ಲಿ ಸಿಗುವ ಹಿಚ್ ಮೇಲೆ '3,500 ಪೌಂಡ್' ಅಂತ ಅಚ್ಚು ಹಾಕಿರುತ್ತದೆ. ಆ ಕಬ್ಬಿಣ ಅಷ್ಟು ತಡೆಯುತ್ತದೆ ಅಂತ ಅದರ ಅರ್ಥ. ನಿಮ್ಮ ಗಾಡಿ ಅಷ್ಟು ಎಳೆಯುತ್ತದೆ ಅಂತ ಅಲ್ಲ. ಗಾಡಿ, ಹಿಚ್, ಗುಂಡು, ಟ್ರೇಲರ್ ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ. ಪ್ಯಾಕೇಜ್ ಇಲ್ಲದೆ ಬಂದ ಮ್ಯಾವರಿಕ್‌ಗೆ ಏನೇ ಜೋಡಿಸಿದರೂ ಕಂಪನಿಯ ಲೆಕ್ಕದಲ್ಲಿ ಅದು 2,000 ಪೌಂಡ್ ಗಾಡಿಯೇ.

ಇದರಿಂದ ವಾರಂಟಿಗೂ ಪರಿಣಾಮ ಉಂಟು. ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಪ್ರಕಾರ, ಹೊರಗಿನ ಹಿಚ್ ಹಾಕಿಸಿದಿರಿ ಅನ್ನೋ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ. ಆದರೆ ಮಿತಿ ಮೀರಿ ಎಳೆದದ್ದರಿಂದಲೇ ಗೇರ್‌ಬಾಕ್ಸ್ ಕೆಟ್ಟಿತು ಅಂತ ತೋರಿಸಿದರೆ ಆ ರಿಪೇರಿಗೆ ಹಣ ಕೊಡದಿರಬಹುದು.

ನೀವು ಎಳೆಯುವುದು ನಿಜಕ್ಕೂ ಎಷ್ಟು ತೂಗುತ್ತದೆ?

ತೀರ್ಮಾನ ಇರುವುದು ಇಲ್ಲಿ. ಎರಡು ಕಯಾಕ್ ಇರುವ ಹಗುರ ಟ್ರೇಲರ್, ತೋಟದ ಕಸ ಸಾಗಿಸುವ ಪುಟ್ಟ ಟ್ರೇಲರ್, ಒಂದು ಜೆಟ್ ಸ್ಕೀ, ಒಂದು ಬೈಕ್ ಇವೆಲ್ಲ ಸಾಮಾನ್ಯವಾಗಿ 2,000 ಪೌಂಡ್ ಒಳಗೇ ಇರುತ್ತವೆ. ಯು-ಹಾಲ್ ಬಾಡಿಗೆಗೆ ಕೊಡುವ 4 ಅಡಿ ಅಗಲ, 8 ಅಡಿ ಉದ್ದದ ಮುಚ್ಚಿದ ಟ್ರೇಲರ್ ಖಾಲಿ ಇದ್ದಾಗ 850 ಪೌಂಡ್, ತುಂಬಿದಾಗ ಗರಿಷ್ಠ 1,800. ಪ್ಯಾಕೇಜ್ ಬೇಡ. ಅದಕ್ಕಿಂತ ಒಂದು ಅಡಿ ಅಗಲದ್ದು ಖಾಲಿ 900, ತುಂಬಿದರೆ 2,700. ಒಂದೇ ಅಡಿ, ಆದರೆ ಮಿತಿಯ ಆಚೆ.

ಕ್ಯಾಂಪರ್ ಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರ ಇರಬೇಕು. ಜಾಹೀರಾತಿನಲ್ಲಿ ಹೇಳುವುದು ಒಣ ತೂಕ. ಅದರಲ್ಲಿ ನೀರಿಲ್ಲ, ಪಾತ್ರೆಯಿಲ್ಲ, ಹಾಸಿಗೆಯಿಲ್ಲ. ಬ್ಯಾಟರಿ, ಗ್ಯಾಸ್ ಕೂಡ ಎಷ್ಟೋ ಸಲ ಸೇರಿರುವುದಿಲ್ಲ. ಒಂದು ಅಮೆರಿಕನ್ ಗ್ಯಾಲನ್ ನೀರು 8.3 ಪೌಂಡ್. 30 ಗ್ಯಾಲನ್ ಟ್ಯಾಂಕ್ ತುಂಬಿದರೆ ಅಲ್ಲಿಗೇ 250 ಪೌಂಡ್. '1,800 ಪೌಂಡ್ ಕ್ಯಾಂಪರ್' ರಸ್ತೆಗೆ ಇಳಿಯುವಾಗ 2,400 ಆಗುವುದು ಹೀಗೆ. ಟ್ರೇಲರ್ ಮೇಲಿನ ಫಲಕದಲ್ಲಿ ಬರೆದ ಗರಿಷ್ಠ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ. ಅನುಮಾನ ಇದ್ದರೆ ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ತೂಕದ ಕಾಟಾ ಇರುತ್ತದೆ, ತೂಗಿಸಿ ನೋಡಬಹುದು.

ಇನ್ನೊಂದು ಕಾರನ್ನು ಟ್ರೇಲರ್ ಮೇಲೆ ಹೇರಿ ಎಳೆಯುವ ಆಸೆ ಇದ್ದರೆ ಮ್ಯಾವರಿಕ್‌ನ ಪ್ಯಾಕೇಜ್ ಕೂಡ ಸಾಲದು. ಕಾರು ಸಾಗಿಸುವ ಟ್ರೇಲರ್ ಖಾಲಿಯೇ 2,000 ಪೌಂಡ್ ಆಸುಪಾಸು ಇರುತ್ತದೆ.

ಚೌಕದ ಪಕ್ಕದ ಬೆಲೆಯೊಂದೇ ಬೆಲೆಯಲ್ಲ

ಪ್ಯಾಕೇಜ್ ಒಂಟಿಯಾಗಿ ಬರುವುದಿಲ್ಲ. ಮೊದಲ ಮ್ಯಾವರಿಕ್‌ಗಳಲ್ಲಿ ಅದು ಬೇಕಿದ್ದರೆ ಟರ್ಬೊ ಇಂಜಿನ್ ಮತ್ತು ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ವ್ಯವಸ್ಥೆ) ತಗೊಳ್ಳಲೇಬೇಕಿತ್ತು. ಅಂದರೆ ಕಡಿಮೆ ಪೆಟ್ರೋಲ್ ಕುಡಿಯುವ ಹೈಬ್ರಿಡ್ ಕೈಬಿಟ್ಟು ಹೋಗುತ್ತಿತ್ತು. 2025ರ ಮಾದರಿಯಿಂದ ಹೈಬ್ರಿಡ್‌ಗೂ ಆಲ್ ವೀಲ್ ಡ್ರೈವ್ ಬಂತು, ಅದರ ಜೊತೆ 4,000 ಪೌಂಡ್ ಪ್ಯಾಕೇಜ್ ಕೂಡ. ಸಾಂಟಾ ಕ್ರೂಜ್‌ನಲ್ಲಿ ಮಿತಿ ಇಂಜಿನ್ ಜೊತೆಗೇ ಬದಲಾಗುತ್ತದೆ: ಸಾದಾ ಇಂಜಿನ್‌ಗೆ 3,500, ಟರ್ಬೊ ಮತ್ತು ಆಲ್ ವೀಲ್ ಡ್ರೈವ್ ಇದ್ದರೆ 5,000 ಪೌಂಡ್. ಹಾಗಾಗಿ ಹೋಲಿಸುವಾಗ ಪ್ಯಾಕೇಜ್ ಇರುವ ಪೂರ್ತಿ ಗಾಡಿಯ ಬೆಲೆಯನ್ನು, ಇಲ್ಲದಿದ್ದರೆ ನೀವು ತಗೊಳ್ಳುತ್ತಿದ್ದ ಗಾಡಿಯ ಬೆಲೆಯ ಪಕ್ಕ ಇಟ್ಟು ನೋಡಿ. ವರ್ಷಗಟ್ಟಲೆ ಹಾಕಿಸುವ ಪೆಟ್ರೋಲನ್ನೂ ಸೇರಿಸಿ.

ಮುಂದೆ ಯಾವತ್ತೋ ದೋಣಿ ಕೊಳ್ಳಬಹುದು ಅನ್ನುವ ಕಾರಣಕ್ಕೆ ಇಷ್ಟು ಖರ್ಚು ಬೇಕಾ? ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವಾಗ ಮಾತ್ರ ಭಾರ ಎಳೆಯುವುದಾದರೆ, ಅವತ್ತಿಗೆ ದೊಡ್ಡ ಟ್ರಕ್ ಬಾಡಿಗೆಗೆ ತರುವುದೇ ಜಾಣತನ. ಕ್ಯಾಂಪರ್ ಆಗಲೇ ಮನೆ ಮುಂದೆ ನಿಂತಿದ್ದರೆ, ತುಂಬಿದ ತೂಕ 2,000 ಪೌಂಡ್ ದಾಟುವಂತಿದ್ದರೆ ಯೋಚಿಸುವುದೇನೂ ಇಲ್ಲ, ಹಾಕಿಸಿ. 1,600ರಿಂದ 2,000ದ ನಡುವೆ ಇದ್ದು, ಬೆಟ್ಟದ ದಾರಿ, ಬಿಸಿಲು, ಎತ್ತರದ ಟ್ರೇಲರ್ ಇವುಗಳಲ್ಲಿ ಎರಡು ಸೇರಿದರೂ ಹಾಕಿಸುವುದೇ ವಾಸಿ ಅಂತ ನನ್ನ ಅನಿಸಿಕೆ. ಸಮತಟ್ಟು ಊರಿನಲ್ಲಿ ತಿಂಗಳಿಗೊಮ್ಮೆ ಪುಟ್ಟ ಟ್ರೇಲರ್‌ನಲ್ಲಿ ಮಣ್ಣು ತರುವವರಿಗೆ ಹೊರಗಿನ ಹಿಚ್ ಸಾಕು.

ಹಳೆಯ ಗಾಡಿ ಕೊಳ್ಳುವವರಿಗೆ

ಹಿಂದೆ ರಿಸೀವರ್ ಇದೆ, ಆದ್ದರಿಂದ ಟೋ ಪ್ಯಾಕೇಜ್ ಇದೆ ಅಂತ ನಂಬಬೇಡಿ. ಏಳು ಪಿನ್ ಸಾಕೆಟ್ ಕೂಡ ಸಾಕ್ಷಿಯಲ್ಲ, ಅದನ್ನೂ ಹೊರಗೆ ಹಾಕಿಸಬಹುದು. ಮಾರುವವರು ಗೊತ್ತಿಲ್ಲದೆಯೇ ತಪ್ಪು ಹೇಳಬಹುದು. ಗಾಡಿ ಹೊಸದಾಗಿದ್ದಾಗ ಕಿಟಕಿಗೆ ಅಂಟಿಸಿದ್ದ ಬೆಲೆಪಟ್ಟಿ ಇದ್ದರೆ ಕೇಳಿ. ಇಲ್ಲದಿದ್ದರೆ ಗಾಡಿಯ ವಿಐಎನ್, ಅಂದರೆ ಪ್ರತಿ ಗಾಡಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ, ಬರೆದುಕೊಂಡು ಡೀಲರ್ ಬಳಿ ಹೋಗಿ, ಕಾರ್ಖಾನೆಯಿಂದ ಏನೇನು ಹಾಕಿ ಕಳಿಸಿದ್ದರು ಅನ್ನುವ ಪಟ್ಟಿ ತೆಗೆಸಿ. ಮ್ಯಾವರಿಕ್ ಆಗಿದ್ದು, ಟೋ ಪ್ಯಾಕೇಜ್ ಹೆಸರು ಅದರಲ್ಲಿ ಇಲ್ಲದಿದ್ದರೆ ಬೆಲೆಯ ಮಾತನ್ನು 2,000 ಪೌಂಡ್ ಗಾಡಿ ಅಂತಲೇ ಶುರು ಮಾಡಿ. ಇದ್ದರೂ ಒಂದು ಕೆಲಸ ಬಾಕಿ: ಮೊದಲಿನ ಮಾಲೀಕರು ಎಷ್ಟು ಭಾರ ಎಳೆದಿದ್ದರು, ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ್ದಾರೋ ಇಲ್ಲವೋ ಕೇಳಿ, ಸರ್ವಿಸ್ ರಸೀದಿ ನೋಡಿ.